ಶುಭಂ ಎಂಬ ಗಂಡಾಂತರ

ಗೇಮ್ ಆಫ್ ಥ್ರೋನ್ಸ್ ಹೇಗಿದೆ ಎಂದು ಅದನ್ನು ಕೊನೆಯವರೆಗೂ ನೋಡಿದ ಯಾರನ್ನಾದರೂ ಕೇಳಿ. ‘ಚೆನ್ನಾಗಿದೆ’ ಎಂಬ ನೇರ ಉತ್ತರ ಸಿಗುವುದಿಲ್ಲ. ಮೊದಲು ಒಂದು ನಿಟ್ಟುಸಿರು. ಆಮೇಲೆ, ‘ಆರನೇ ಸೀಸನ್‌ವರೆಗೆ ಧೈರ್ಯವಾಗಿ ನೋಡು, ಮುಂದಿನದು ನಿನ್ನ ಹಣೆಬರಹ’ ಎಂಬ ಎಚ್ಚರಿಕೆ. ಅಮೆರಿಕದ ಟೀವಿಯಲ್ಲಿ 2011ರಿಂದ 2019ರವರೆಗೆ 73 ಕಂತು ಬಂದ ಕಥೆ ಅದು. ಜನ ಬೈಯುವುದು ಕೊನೆಯ ಬೆರಳೆಣಿಕೆಯ ಕಂತುಗಳನ್ನು. ಮಿಕ್ಕ ಅರವತ್ತು ಚಿಲ್ಲರೆ ಕಂತುಗಳನ್ನು ಕಣ್ಣು ಮಿಟುಕಿಸದೆ ನೋಡಿದವರು ಇವರೇ, ಉಗುರು ಕಚ್ಚಿಕೊಂಡವರೂ ಇವರೇ. ಈಗ ಆ ಸಂತೋಷಕ್ಕೆ ವಾರಸುದಾರರೇ ಇಲ್ಲ.

ಕೊನೆಯ ಸೀಸನ್ ಬಂದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅಮೆರಿಕದಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಬಂದದ್ದು ನಮಗೆ ಸೋಮವಾರ ಬೆಳಗಿನ ಆರೂವರೆಗೇ ಸಿಗುತ್ತಿತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಸೂರ್ಯೋದಯವನ್ನೇ ಕಾಣದ ಬೆಂಗಳೂರಿನ ಹುಡುಗರು ಅಲಾರಾಂ ಇಟ್ಟು ಏಳುತ್ತಿದ್ದರು. ನಮ್ಮ ಅಕ್ಕನ ಮಗನೂ ಅವರಲ್ಲೊಬ್ಬ. ‘ಈಗಲಾದರೂ ಬುದ್ಧಿ ಬಂತು, ಸಂಧ್ಯಾವಂದನೆಯೋ ಯೋಗವೋ ಏನೋ ಮಾಡ್ತಿದ್ದಾನೆ’ ಎಂದು ಅಕ್ಕ ಊರಿಗೆಲ್ಲ ಹೇಳಿಕೊಂಡಿದ್ದಳು. 2019ರ ಮೇ 20ರ ಬೆಳಗ್ಗೆ ಅವನು ಕೋಣೆಯಿಂದ ಹೊರಬಂದ ಮುಖ ನೋಡಿ ಅವಳ ಎದೆ ಧಸಕ್ಕೆಂದಿತು.

‘ಏನಾಯ್ತೋ? ಕೆಲಸದಿಂದ ತೆಗೆದರಾ?’

‘ಇಲ್ಲಮ್ಮ. ಬ್ರ್ಯಾನ್ ರಾಜ ಆಗ್ಬಿಟ್ಟ.’

ಅಕ್ಕ ನಿರಾಳವಾಗಿ ಕಾಫಿ ಬೆರೆಸುತ್ತ ಹೇಳಿದಳು: ‘ಆಗಲಿ ಬಿಡು. ಒಳ್ಳೇ ಹುಡುಗನಾ?’

ಒಳ್ಳೆಯ ಹುಡುಗನೇ. ಯಾರ ತಂಟೆಗೂ ಹೋದವನಲ್ಲ. ಎಷ್ಟರ ಮಟ್ಟಿಗೆ ಎಂದರೆ, ಇಡೀ ಐದನೇ ಸೀಸನ್ನಿನಲ್ಲಿ ಅವನು ಕಾಣಿಸಿಕೊಂಡೇ ಇಲ್ಲ. ಕೊನೆಯಲ್ಲಿ ಉಳಿದವರೆಲ್ಲ ಸಭೆ ಸೇರಿದಾಗ, ಎಲ್ಲರಿಗಿಂತ ಒಳ್ಳೆಯ ಕಥೆ ಇವನದೇ ಎಂಬ ಕಾರಣ ಕೊಟ್ಟು ಇವನಿಗೆ ಪಟ್ಟ ಕಟ್ಟಿದರು. ಒಂದು ಸೀಸನ್ ಪೂರ್ತಿ ಅವನ ಕಥೆ ಇಲ್ಲದೆಯೇ ಕಥೆ ನಡೆದಿತ್ತು ಎಂಬುದನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ. ನಮ್ಮ ಗ್ರಾಮ ಪಂಚಾಯಿತಿಯಲ್ಲಾಗಿದ್ದರೆ ಒಬ್ಬನಾದರೂ ಎದ್ದು ನಿಂತು ಕೇಳುತ್ತಿದ್ದ.

ಕೊನೆ ಹೀಗಾದದ್ದಕ್ಕೆ ಕಾರಣ ಇಲ್ಲದಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ಕಾದಂಬರಿಗಳನ್ನು ಹಿಡಿದು ಹೊರಟ ಸರಣಿ ಅದು. ಐದನೆಯ ಕಾದಂಬರಿ ಬಂದದ್ದು ಸರಣಿ ಶುರುವಾದ 2011ರಲ್ಲೇ. ಆರನೆಯದಕ್ಕೆ ಕಾಯುತ್ತ ಕಾಯುತ್ತ ಸರಣಿ ಪುಸ್ತಕವನ್ನು ದಾಟಿ ಮುಂದೆ ಹೋಯಿತು, ಕಾದಂಬರಿ ಬರಲಿಲ್ಲ. ಮೊದಲ ಆರು ಸೀಸನ್‌ಗಳಿಗೆ ತಲಾ ಹತ್ತು ಕಂತು, ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಕಥೆ ಹರಡುತ್ತ ಹೋದ ಹಾಗೆ ಮುಗಿಸುವವರು ಗಡಿಯಾರ ನೋಡಲು ಶುರುಮಾಡಿದರು. ಆ ಅವಸರದಲ್ಲಿ ಯಾರೋ ಮರೆತ ಕಾಫಿ ಲೋಟವೊಂದು ಮಧ್ಯಯುಗದ ಔತಣದ ಮೇಜಿನ ಮೇಲೆ ಲೋಕಕ್ಕೆಲ್ಲ ಕಾಣುವಂತೆ ಕೂತಿತ್ತು. ಸಮರ್ಥರಾದ ಬರಹಗಾರರನ್ನಿಟ್ಟು ಆ ಸೀಸನ್ನನ್ನು ಮತ್ತೆ ತೆಗೆಯಿರಿ ಎಂದು 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೇ ಸೀಸನ್ನಿಗೆ ಅತ್ಯುತ್ತಮ ನಾಟಕ ಸರಣಿಯ ಎಮ್ಮಿ ಪ್ರಶಸ್ತಿಯೂ ಬಂತು. ನಮ್ಮ ಹುಡುಗನಿಗೆ ಲೋಕದ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಅಂದೇ ಹೋಯಿತು.

ಜನಕ್ಕೆ ಸುಖಾಂತ್ಯವೇ ಬೇಕು, ಅದಕ್ಕೇ ಈ ರಂಪ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ತಂದರು. ನಂಜಮ್ಮನಿಗೆ ಆ ಕಥೆಯಲ್ಲಿ ಸಿಕ್ಕ ಸುಖವೆಷ್ಟು? ನೋಡಿದವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರೇ ಹೊರತು ಮೋಸವಾಯಿತು ಎನ್ನಲಿಲ್ಲ. 1988ರಲ್ಲಿ ರಮಾನಂದ ಸಾಗರರ ‘ರಾಮಾಯಣ’ ಪಟ್ಟಾಭಿಷೇಕದೊಂದಿಗೆ ಮುಗಿಯಲು ಹೊರಟಾಗ ಆದದ್ದಂತೂ ಇನ್ನೂ ಸೊಗಸು. ರಾಮ ಸಿಂಹಾಸನ ಏರಿದ, ಸೀತೆ ಪಕ್ಕದಲ್ಲಿ ಕೂತಳು. ಅದಕ್ಕಿಂತ ಶುಭವಾದ ಕೊನೆ ಯಾವುದು? ಆದರೆ ಜಲಂಧರದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ವಾಲ್ಮೀಕಿ ಆಶ್ರಮ ಎಲ್ಲಿ, ಲವಕುಶರೆಲ್ಲಿ, ಉತ್ತರಕಾಂಡ ಎಲ್ಲಿ ಎಂಬುದು ಅವರ ಪ್ರಶ್ನೆ. ಕೊನೆಗೆ ಮುಂದಿನ ಕಥೆಯೂ ತೆರೆಗೆ ಬಂತು. ಸೀತೆಯನ್ನು ಭೂಮಿ ಬಾಯಿತೆರೆದು ನುಂಗುವ ಕಥೆಯನ್ನು ಜನ ಮುಷ್ಕರ ಮಾಡಿ ತರಿಸಿಕೊಂಡರು! ಅಳಲು ನಾವು ಯಾವತ್ತೂ ತಯಾರು. ನಮ್ಮನ್ನು ಅಳಿಸಬೇಕಾದವರು ಅರ್ಧಕ್ಕೇ ಅಂಗಡಿ ಮುಚ್ಚಬಾರದು, ಅಷ್ಟೇ.

ಈ ಸಿಟ್ಟಿನ ಮೂಲ ಯಾವುದು ಎಂದು ಯೋಚಿಸಿದರೆ ನನಗೆ ಬಡಾವಣೆಯ ಚೀಟಿ ವ್ಯವಹಾರ ಕಣ್ಣಿಗೆ ಬರುತ್ತದೆ. ತಿಂಗಳು ತಿಂಗಳು ಕಂತು ಕಟ್ಟುತ್ತೇವೆ. ನಡುವೆ ಸಣ್ಣಪುಟ್ಟ ಅನುಮಾನ ಬಂದರೂ, ‘ಕೊನೆಯಲ್ಲಿ ಒಟ್ಟಿಗೆ ಬರುತ್ತದಲ್ಲ’ ಎಂದು ಸುಮ್ಮನಿರುತ್ತೇವೆ. ಧಾರಾವಾಹಿಗೂ ಹಾಗೆಯೇ ಸಂಜೆಗಳನ್ನು ಕಟ್ಟುತ್ತ ಹೋಗುತ್ತೇವೆ. ಆ ಪತ್ರದಲ್ಲಿ ಏನಿತ್ತು, ಕೆಂಪು ಸೀರೆಯ ಹೆಂಗಸು ಯಾರು, ದ್ವೀಪದ ಮೇಲಿನ ಹೊಗೆ ಎಲ್ಲಿಂದ ಬಂತು, ಎಲ್ಲಕ್ಕೂ ಕೊನೆಯ ದಿನ ಉತ್ತರ ಸಿಗುತ್ತದೆಂದು ಕಾಯುತ್ತೇವೆ. ಆ ದಿನ ಬಂದಾಗ ಚೀಟಿ ನಡೆಸುವವರ ಮನೆಗೆ ಬೀಗ ಬಿದ್ದಿರುತ್ತದೆ. 1986ರಲ್ಲಿ ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯವರು, ಸತ್ತು ಒಂದು ಸೀಸನ್ ಕಳೆದ ನಾಯಕನನ್ನು ಸ್ನಾನದ ಮನೆಯಿಂದ ಹೊರತಂದು, ಇಡೀ ಸೀಸನ್ ಅವನ ಹೆಂಡತಿ ಕಂಡ ಕನಸು ಎಂದುಬಿಟ್ಟರು. 2007ರಲ್ಲಿ ‘ದಿ ಸೋಪ್ರಾನೋಸ್’ ಧಾರಾವಾಹಿ, ಕುಟುಂಬವೊಂದು ಹೋಟೆಲಿನಲ್ಲಿ ಕೂತಿದ್ದಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ ಮುಗಿಯಿತು. ಕೇಬಲ್ ಕೈಕೊಟ್ಟಿತೆಂದು ಅಲ್ಲಿಯವರು ಗಾಬರಿಯಾದರಂತೆ. ನಾವಾಗಿದ್ದರೆ ಗಾಬರಿಯಾಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಕರೆಂಟ್ ಇದೆಯೇ ಎಂದು ಕಿಟಕಿಯಿಂದ ನೋಡಿ, ಮೇಣದಬತ್ತಿ ಹಚ್ಚಿ, ಊಟಕ್ಕೆ ಕೂರುತ್ತಿದ್ದೆವು.

ಕೊನೆಯ ಗಳಿಗೆಗೆ ನಾವು ಇಷ್ಟು ಬೆಲೆ ಕೊಡುವುದು ಮನಸ್ಸಿನ ಹುಟ್ಟುಗುಣವೇ ಇರಬೇಕು. ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ 1993ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಪ್ರಯೋಗವೊಂದಿದೆ. ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಮತ್ತೂ 30 ಸೆಕೆಂಡು. ಆ ಹೊತ್ತಿನಲ್ಲಿ ಮಾತ್ರ ನೀರನ್ನು ಒಂದು ಡಿಗ್ರಿ ಬೆಚ್ಚಗೆ ಮಾಡಿದರು. ಇವೆರಡರಲ್ಲಿ ಮತ್ತೆ ಯಾವುದು ಬೇಕು ಎಂದರೆ ಹೆಚ್ಚಿನವರು ಉದ್ದನೆಯ ಶಿಕ್ಷೆಯನ್ನೇ ಆರಿಸಿಕೊಂಡರು! ಕೊನೆ ಕೊಂಚ ಹಿತವಾಗಿತ್ತಲ್ಲ, ಅದೇ ನೆನಪಿನಲ್ಲಿ ಉಳಿಯಿತು. ಎಷ್ಟು ಹೊತ್ತು ನರಳಿದೆವು ಎಂಬುದು ಅಳಿಸಿಹೋಯಿತು. ನಮ್ಮ ಕನ್ನಡ ಧಾರಾವಾಹಿಗಳವರು ಈ ಪ್ರಯೋಗದ ಮೊದಲ ಅರ್ಧವನ್ನು ಮಾತ್ರ ಓದಿದ್ದಾರೆ ಎಂಬುದು ನನ್ನ ಅನುಮಾನ. ನೀರು ತಣ್ಣಗಿಟ್ಟು ಉದ್ದ ಮಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಬೆಚ್ಚಗೆ ಮಾಡುವುದೇ ಮರೆತುಹೋಗುತ್ತದೆ.

ಅವರ ಕಷ್ಟವೂ ಸಣ್ಣದಲ್ಲ. ಕಾದಂಬರಿಕಾರ ತನ್ನ ಕಥೆ ಯಾವಾಗ ಮುಗಿಯಬೇಕೆಂದು ತಾನೇ ತೀರ್ಮಾನಿಸಬಹುದು. ಧಾರಾವಾಹಿಯ ಆಯುಷ್ಯ ಇರುವುದು ಗುರುವಾರ ಬರುವ ಟಿಆರ್‌ಪಿಯಲ್ಲಿ. ಅಂಕ ಚೆನ್ನಾಗಿರುವಷ್ಟು ದಿನ ಕಥೆ ಮುಗಿಯಕೂಡದು. ಹೆತ್ತ ತಾಯಿ ಎದುರು ನಿಂತರೂ ಮಗ ಗುರುತಿಸಕೂಡದು. ನಾಯಕಿ ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಗುಡುಗಬೇಕು, ಫೋನು ಬರಬೇಕು, ಇಲ್ಲವೇ ಅವಳೇ ಮೂರ್ಛೆ ಹೋಗಬೇಕು. ಅಂಕ ಇಳಿಯಿತೋ, ಸ್ಲಾಟ್ ಬೇರೆಯವರ ಪಾಲು. ಆಗ ವರ್ಷಗಟ್ಟಲೆ ಬಿಡಿಸದ ಗಂಟುಗಳೆಲ್ಲ ವಾರದೊಳಗೆ ತಾವಾಗಿಯೇ ಸಡಿಲವಾಗುತ್ತವೆ. ಕೋಮಾದಲ್ಲಿದ್ದ ಮಾವ ಸೋಮವಾರ ಕಣ್ಣು ಬಿಡುತ್ತಾರೆ. ಮಂಗಳವಾರ ಉಯಿಲು ಸಿಗುತ್ತದೆ. ಬುಧವಾರ ಖಳನಾಯಕಿಗೆ ಪಶ್ಚಾತ್ತಾಪ. ನಾಲ್ಕು ಕೊಲೆಗೆ ಸಂಚು ಹೂಡಿದವಳು ಅತ್ತೆಯ ಕಾಲು ಹಿಡಿದರೆ ಕೇಸು ವಜಾ. ಗುರುವಾರ ಪೊಲೀಸ್ ಜೀಪು ಯಾರನ್ನಾದರೂ ಒಬ್ಬರನ್ನು ಕರೆದೊಯ್ಯುತ್ತದೆ. ಶುಕ್ರವಾರ ಸತ್ಯನಾರಾಯಣ ಪೂಜೆ, ಸತ್ತವರನ್ನು ಬಿಟ್ಟು ಮಿಕ್ಕವರೆಲ್ಲರ ಗ್ರೂಪ್ ಫೋಟೊ, ಮೇಲೆ ‘ಶುಭಂ’.

ನಮ್ಮ ಸೋದರತ್ತೆ ಈ ವಾರವನ್ನು ನೋಡುವುದೇ ಇಲ್ಲ. ಮೈಸೂರಿನ ಅವರ ಮನೆಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಟೀವಿ ನಂದುವುದಿಲ್ಲ. ಆದರೆ ‘ಅಂತಿಮ ಸಂಚಿಕೆಗಳು’ ಎಂಬ ಪ್ರೊಮೊ ಬಂದದ್ದೇ ತಡ, ಆ ಅರ್ಧ ಗಂಟೆ ಅವರು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂರುತ್ತಾರೆ. ‘ಸಾಕಿ ಬೆಳೆಸಿದ ಮಕ್ಕಳನ್ನ ಅವರು ಹೇಗೋ ಒಂದು ದಡ ಸೇರಿಸ್ತಾರೆ. ಅದನ್ನ ನಾನ್ಯಾಕೆ ಕಣ್ಣಾರೆ ನೋಡಲಿ?’ ಎನ್ನುತ್ತಾರೆ. ಕೊನೆಯನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಫೋನ್ ಮಾಡಿ ಕೇಳಿದವರಿಗೆಲ್ಲ ಅವರವರ ಮನಸ್ಸಿಗೆ ಹಿಡಿಸುವ ಮುಕ್ತಾಯ ಲಭ್ಯ. ಸೊಸೆಯ ಮೇಲೆ ಕೋಪವಿದ್ದ ನಾದಿನಿಗೆ, ಸೊಸೆಗೆ ತಕ್ಕ ಶಾಸ್ತಿಯಾಯಿತು ಎಂದರು. ಅತ್ತೆಯ ಕಾಟದಲ್ಲಿರುವ ಪಕ್ಕದ ಮನೆಯ ಹುಡುಗಿಗೆ, ಬೇರೆ ಮನೆ ಮಾಡಿ ಹಾಯಾಗಿದ್ದಾರೆ ಎಂದರು. ಧಾರಾವಾಹಿ ಒಂದೇ.

ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2020ರ ಲಾಕ್‌ಡೌನ್ ಹೊತ್ತಿನಲ್ಲಿ ನಡುದಾರಿಯಲ್ಲೇ ನಿಂತುಹೋದಾಗ ಊರೆಲ್ಲ ಮರುಗಿತು. ಅತ್ತೆಗೆ ಮಾತ್ರ ಅದು ವರವಾಯಿತು. ಕೆಟ್ಟ ಕೊನೆಯೂ ಇಲ್ಲ, ಒಳ್ಳೆಯ ಕೊನೆಯೂ ಇಲ್ಲ. ಅವರ ಲೆಕ್ಕದಲ್ಲಿ ಆ ಪಾತ್ರಗಳೆಲ್ಲ ಇಂದಿಗೂ ಬೆಂಗಳೂರಿನಲ್ಲೇ ಎಲ್ಲೋ ಇದ್ದು ವಾದ ಮಾಡುತ್ತಿದ್ದಾರೆ. ಯೋಚಿಸಿದರೆ ನಿಜ. ಆ ಧಾರಾವಾಹಿಯ ಮಾತು ಬಂದಾಗ ಜನ ‘ಎಷ್ಟು ಚೆನ್ನಾಗಿತ್ತು’ ಎಂದೇ ಶುರುಮಾಡುತ್ತಾರೆ. ಹಾಳಾಗಲು ಅದಕ್ಕೆ ಕೊನೆಯೇ ಇರಲಿಲ್ಲವಲ್ಲ.

ಒಮ್ಮೆ ಅಕ್ಕನ ಮಗನನ್ನು ಅತ್ತೆಯ ಮುಂದೆ ಕೂರಿಸಿದೆ. ಅವನ ದುಃಖ ಆಗಲೂ ಹಸಿಯಾಗಿತ್ತು. ಡ್ರ್ಯಾಗನ್‌ಗಳನ್ನು ಸಾಕಿದ ಡೆನೇರಿಸ್ ಕಥೆಯನ್ನು ಮೊದಲಿಂದ ಹೇಳಿದ. ಗುಲಾಮರನ್ನು ಬಿಡಿಸಿದ್ದು, ಸಮುದ್ರ ದಾಟಿದ್ದು, ಗೆಳತಿಯನ್ನು ಕಳೆದುಕೊಂಡದ್ದು. ಅತ್ತೆ ಬತ್ತಿ ಹೊಸೆಯುತ್ತ ಕೇಳಿದರು. ಕೊನೆಗೆ ಶತ್ರುನಗರ ಶರಣಾಗಿ ಗಂಟೆ ಬಾರಿಸಿದ ಮೇಲೂ ಅವಳು ಇಡೀ ಊರನ್ನು ಸುಟ್ಟಳು ಎಂದಾಗ ಬತ್ತಿ ಕೆಳಗಿಟ್ಟರು.

‘ಅಲ್ಲ ಕಣೋ, ನಮ್ಮ ಧಾರಾವಾಹಿಯಲ್ಲಿ ಸೊಸೆ ಪಾಯಸಕ್ಕೆ ಉಪ್ಪು ಹಾಕಬೇಕಾದರೇ ಎರಡು ವಾರ ಬೇಕು. ಮೊದಲು ಡಬ್ಬಿ ನೋಡ್ತಾಳೆ. ಆಮೇಲೆ ಕಣ್ಣು ಕಿರಿದು ಮಾಡ್ತಾಳೆ. ಆಮೇಲೆ ಮನಸ್ಸಿನಲ್ಲೇ ಮಾತಾಡ್ಕೋತಾಳೆ. ಇವಳು ಗಂಟೆ ಹೊಡೆಯೋದರೊಳಗೆ ಊರಿಗೆ ಊರನ್ನೇ ಸುಟ್ಟಳಾ? ಸುಡಲಿ, ಬೇಡ ಅನ್ನೋಲ್ಲ. ಅಷ್ಟು ಸಿಟ್ಟು ಬರೋಕೆ ಪಾಪ ಅವಳಿಗೆ ನಾಲ್ಕು ದಿನ ಟೈಮ್ ಕೊಡಬೇಡವಾ?’

ಹುಡುಗ ಬೆರಗಾಗಿ ನನ್ನ ಮುಖ ನೋಡಿದ. ಲೋಕದ ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಿದ್ದೂ ಇದನ್ನೇ: ಅವಳು ಸುಟ್ಟದ್ದು ತಪ್ಪಲ್ಲ, ಅವಳನ್ನು ಅಲ್ಲಿಗೆ ದಡಬಡಿಸಿ ತಂದದ್ದು ತಪ್ಪು. ಒಂದು ಕಡೆ ಗಂಟೆಯ ಸದ್ದು ನಿಲ್ಲುವುದರೊಳಗೆ ನಗರವೇ ಬೂದಿ, ಇನ್ನೊಂದು ಕಡೆ ಹದಿನೈದು ದಿನವಾದರೂ ಪಾಯಸಕ್ಕೆ ಉಪ್ಪು ಬೀಳದು. ಅವರ ಸಮಯವನ್ನೂ ನಮ್ಮ ಸಮಯವನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದರೆ ಇಬ್ಬರ ಧಾರಾವಾಹಿಯೂ ಉದ್ಧಾರವಾಗುತ್ತಿತ್ತು.

ಅಂದಿನಿಂದ ನನ್ನ ಚೀಟಿಯ ಲೆಕ್ಕವೂ ಬದಲಾಗಿದೆ. ಚೀಟಿಯಲ್ಲಿ ಕಟ್ಟಿದ ಹಣ ಕಂಡವರ ಕೈಯಲ್ಲಿರುತ್ತದೆ. ಧಾರಾವಾಹಿಯಲ್ಲಿ ಅಂದಂದಿನ ಕಂತಿನ ಬಡ್ಡಿ ಅಂದಂದೇ ಸಂದಾಯ. ಬೆಳಗಿನ ಆರೂವರೆಗೆ ಹೊದಿಕೆಯೊಳಗೆ ಕೂತು ಉಗುರು ಕಚ್ಚಿದ ಸುಖವನ್ನು ಯಾವ ಬ್ರ್ಯಾನ್ ಬಂದರೂ ಹಿಂದಕ್ಕೆ ಕಿತ್ತುಕೊಳ್ಳಲಾರ. ಅತ್ತೆಗೆ ಇದು ಕಾನೆಮನ್ ಹೇಳದೆಯೂ ಗೊತ್ತು. ನೆನಪಿನ ಕೈಗೆ ಕೊನೆಯ ಕಂತು ಸಿಕ್ಕರೆ ಅದು ಹಿಂದಿನದನ್ನೆಲ್ಲ ಅಳಿಸುತ್ತದೆಂದು, ಆ ಕಂತನ್ನೇ ಅದರ ಕೈಗೆ ಸಿಗದಂತೆ ಮಾಡುತ್ತಾರೆ. ನಮ್ಮ ಹುಡುಗ ಮಾತ್ರ ಒಪ್ಪಿಲ್ಲ. ‘ಕೊನೆ ನೋಡದಿದ್ದರೆ ಬೈಯೋದು ಹೇಗೆ?’ ಎನ್ನುತ್ತಾನೆ. ಅದೂ ನ್ಯಾಯವೇ. ಬೈಗುಳದ ಸುಖವೂ ಧಾರಾವಾಹಿಯ ಆದಾಯದಲ್ಲೇ ಸೇರಬೇಕಾದ ಬಾಬ್ತು. ಮುಗಿದು ಇಷ್ಟು ವರ್ಷವಾದರೂ ಅವನು ಅದನ್ನು ಅನುಭವಿಸುತ್ತಲೇ ಇದ್ದಾನೆ.

ಸದ್ಯಕ್ಕೆ ಅತ್ತೆಯ ಸಂಜೆ ಏಳೂವರೆಯ ಸ್ಲಾಟಿನಲ್ಲಿ ಹೊಸ ಧಾರಾವಾಹಿ ಶುರುವಾಗಿದೆ. ಮೊದಲ ಸಂಚಿಕೆಯಲ್ಲೇ ಶ್ರೀಮಂತ ನಾಯಕನ ಕಾರು ಬಡ ನಾಯಕಿಯ ಮೇಲೆ ಕೆಸರು ಹಾರಿಸಿತು. ಅವಳು ಅವನಿಗೆ ಬಾಯಿಗೆ ಬಂದ ಹಾಗೆ ಬೈದಳು. ಮೇಲಿನಿಂದ ಯಾವುದೋ ಮರ ಇಬ್ಬರ ಮೇಲೂ ಹೂವು ಸುರಿಸಿತು. ಇದರ ಕೊನೆ ಏನೆಂದು ನನಗೆ ಗೊತ್ತು, ಅತ್ತೆಗೆ ಗೊತ್ತು, ಆ ಮರಕ್ಕೂ ಗೊತ್ತು. ಬರೆಯುವವರಿಗೆ ಮಾತ್ರ ಗುರುವಾರ ತಿಳಿಯಬೇಕು.