ಎಪ್ಸಿಲಾನ್ ನಮ್ಮದು, ಡೆಲ್ಟಾ ನಿಮ್ಮದು

ಎಂ.ಎಸ್ಸಿ. ಗಣಿತ, ರಿಯಲ್ ಅನಾಲಿಸಿಸ್‌ನ ಮೊದಲ ಕ್ಲಾಸು. ಮೇಷ್ಟ್ರು ನಿಯಮ ಹೇಳುತ್ತಿದ್ದಾರೆ.

"ಹಾಜರಾತಿ ಶೇ. 75 ಕಡ್ಡಾಯ."

"74.999 ಆದ್ರೆ ಸರ್?"

"ಒಂಬತ್ತುಗಳು ಮುಗಿಯದೇ ಇದ್ರೆ ಅದೂ ಎಪ್ಪತ್ತೈದೇ. ನಿಮ್ಮದು ಮೂರಕ್ಕೇ ಸುಸ್ತಾಗಿದೆ. ಇನ್ನು ಪಠ್ಯ, ರುಡಿನ್ ಬರೆದದ್ದು, 1953ರದು. ತೆಳ್ಳಗಿದೆ ಅಂತ ಖುಷಿಪಡಬೇಡಿ, ಸಾಲಿಗೊಂದು ರಾತ್ರಿ ಬೇಕು."

"ಪ್ರೂಫ್ ಬದಲು ಚಿತ್ರ ಬರೆದ್ರೆ ಅಂಕ ಕೊಡ್ತೀರಾ?"

"ವೈರ್‌ಸ್ಟ್ರಾಸ್ 1872ರಲ್ಲಿ ಒಂದು ಫಂಕ್ಷನ್ ತೋರಿಸಿದ. ಎಲ್ಲ ಕಡೆ ಕಂಟಿನ್ಯೂಯಸ್, ಎಲ್ಲೂ ಡಿಫರೆನ್ಶಿಯಬಲ್ ಅಲ್ಲ. ಅದರ ಚಿತ್ರ ಬರೀರಿ, ಪೂರ್ತಿ ಅಂಕ ಕೊಡ್ತೀನಿ."

"ಗೊತ್ತಾಗದ ಕಡೆ 'ಇದು ಸ್ಪಷ್ಟ' ಅಂತ ಬರೆದು ಮುಂದೆ ಹೋಗಬಹುದಾ?"

"ಅದು ಪುಸ್ತಕ ಬರೆದವರ ಹಕ್ಕು ಕಣಯ್ಯಾ."

"ತಪ್ಪು ಪ್ರೂಫಿಗೆ ಅರ್ಧ ಅಂಕವಾದರೂ? 1821ರಲ್ಲಿ ಕೋಶಿಯಂಥವನೇ ತಪ್ಪು ಪ್ರಮೇಯ ಬರೆದಿದ್ದನಲ್ಲ ಸರ್!"

ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟರು. ಹುಡುಗ ಓದಿಕೊಂಡು ಬಂದಿದ್ದಾನೆ, ಅಪಾಯ.

"ಐದು ವರ್ಷಕ್ಕೆ ಆಬೆಲ್ ಅದಕ್ಕೆ ಅಪವಾದ ತೋರಿಸಿದ. ಪಾಪ, ಕೋಶಿಗೆ ಇಂಟರ್ನಲ್ಸ್ ಇರಲಿಲ್ಲ. ನಿಮಗಿದೆ. ಕೊನೇ ನಿಯಮ: ಎಪ್ಸಿಲಾನ್ ನಾನು ಕೊಡ್ತೀನಿ, ಡೆಲ್ಟಾ ನೀವು ತರಬೇಕು. ಪಕ್ಕದವರದನ್ನು ತರಬಾರದು."

ಹಿಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ಬರೆದುಕೊಂಡವನು ನಾನು. ನೋಟ್‌ಬುಕ್ ಇನ್ನೂ ಇದೆ, ಡೆಲ್ಟಾ ಸಿಕ್ಕಿಲ್ಲ.