ಡಾಂಬರು ರ‍್ಯಾಲಿ ಮೀಮಾಂಸೆ

ಹವ್ಯಾಸಿ ಡಾಂಬರು ರ‍್ಯಾಲಿಯಲ್ಲಿ ಗೆದ್ದವರು ಯಾರೆಂದು ಹೇಳಲು ಬರುತ್ತದೆಯೇ ಎಂಬುದು ಈ ಪ್ರಬಂಧದ ವಿಷಯ. ಕ್ಷೇತ್ರ, ಉಮರ್ಗಾದಿಂದ ಹೊರಟು ಕಾಸಾರ ಸಿರಸಿ, ನಿಲಂಗಾ, ದೇವಣಿಗಳ ಮೇಲೆ ಉದಗೀರ ಮುಟ್ಟುವ ರಸ್ತೆ. ಆ ರಸ್ತೆಯಲ್ಲಿ ಒಮ್ಮೆಯಾದರೂ ಕ್ರೂಸರ್ ಗಾಡಿಯ ನಡುಸೀಟಿನಲ್ಲಿ ಐದನೆಯವನಾಗಿ ಕೂತು, ಆರನೆಯವನಿಗೆ ಜಾಗ ಬಿಟ್ಟವನೇ ಇದನ್ನು ಓದಲು ಅಧಿಕಾರಿ. ಪ್ರಯೋಜನ ಏನೆಂದು ಕೇಳಬಾರದು. ಪ್ರಯೋಜನ ಗೊತ್ತಿರುವ ವಿಷಯಕ್ಕೆ ಪಿಎಚ್‌ಡಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಮೊದಲು ಪೂರ್ವಪಕ್ಷ. 'ಅಲ್ಲಿ ರ‍್ಯಾಲಿಯೇ ನಡೆಯುವುದಿಲ್ಲ. ರ‍್ಯಾಲಿ ಎಂದರೆ ಮೊಂಟೆ ಕಾರ್ಲೊ, ಸ್ಯಾನ್ ರೆಮೊ. ನಮ್ಮ ಕಡೆಯದೇ ಬೇಕೆಂದರೆ ಚಿಕ್ಕಮಗಳೂರಿನ ಕಾಫಿತೋಟ. ಅದಕ್ಕೆ ಒಕ್ಕೂಟದ ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು. ಈ ಗಡಿರಸ್ತೆಯಲ್ಲಿ ಎರಡೂ ಕಾಣವು' ಎಂದು ಆಕ್ಷೇಪ.

ಆಕ್ಷೇಪಿಸುವವನು ಲಕ್ಷಣವನ್ನು ಬಿಟ್ಟು ಅಲಂಕಾರವನ್ನು ಹಿಡಿದಿದ್ದಾನೆ. ರ‍್ಯಾಲಿಯಲ್ಲಿ ಗಾಡಿಗಳು ಒಟ್ಟಿಗೆ ಬಿಡುವುದಿಲ್ಲ. ಒಂದರ ಹಿಂದೆ ಒಂದು, ನಡುವೆ ಹೊತ್ತು ಬಿಟ್ಟು ಹೊರಡುತ್ತವೆ. ಸ್ಪರ್ಧೆ ಪಕ್ಕದ ಗಾಡಿಯ ಜೊತೆಗಲ್ಲ, ಗಡಿಯಾರದ ಜೊತೆಗೆ. ನಡುನಡುವೆ ಕಂಟ್ರೋಲುಗಳಿದ್ದು ಅಲ್ಲಿ ಹೊತ್ತು ಬರೆಸಬೇಕು. ಡ್ರೈವರನ ಪಕ್ಕ ದಾರಿ ಹೇಳುವವನೊಬ್ಬನಿರಬೇಕು. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿಗೆ ಇದರಲ್ಲಿ ಯಾವುದು ಕಡಿಮೆಯಾಗಿದೆ? ನಿಲಂಗಾ ಸ್ಟ್ಯಾಂಡಿನಲ್ಲಿ ಬಸ್ಸು ನಿಂತೊಡನೆ ಕಂಡಕ್ಟರ್ ಇಳಿದು ಓಡುವುದು ಚಹಾಕ್ಕೆಂದು ಸಾಮಾನ್ಯರು ತಿಳಿದಿದ್ದಾರೆ. ಅವನು ಹೋಗುವುದು ಕಂಟ್ರೋಲರನ ಕಿಂಡಿಗೆ, ಎಂಟ್ರಿ ಮಾಡಿಸಲು. ಚಹಾ ಆನುಷಂಗಿಕ.

ವಿಶ್ವ ರ‍್ಯಾಲಿಯ ನಿಯಮದ ಪ್ರಕಾರ ಕಂಟ್ರೋಲಿಗೆ ತಡವಾಗಿ ಬಂದರೆ ನಿಮಿಷಕ್ಕೆ 10 ಸೆಕೆಂಡು ದಂಡ, ಬೇಗ ಬಂದರೆ ನಿಮಿಷಕ್ಕೆ ಒಂದು ಪೂರ್ತಿ ನಿಮಿಷ. ಅಂದರೆ ಬೇಗ ಬರುವುದು ತಡವಾಗಿ ಬರುವುದಕ್ಕಿಂತ ಆರು ಪಟ್ಟು ಹೆಚ್ಚಿನ ಪಾಪ. ಈ ಮಹಾಪಾತಕವನ್ನು ನಮ್ಮ ಕ್ಷೇತ್ರದಲ್ಲಿ ಯಾರೂ ಎಸಗಿದ ಹಾಗೆ ಕಾಣದು.

ದಾರಿ ಹೇಳುವವನ ವಿಚಾರ. 1955ರ ಮಿಲ್ಲೆ ಮಿಲಿಯಾ ಓಟದಲ್ಲಿ ಸ್ಟರ್ಲಿಂಗ್ ಮಾಸ್‌ನ ಪಕ್ಕ ಕೂತ ಡೆನಿಸ್ ಜೆಂಕಿನ್ಸನ್ ಇಟಲಿಯ ತಿರುವುಗಳನ್ನೆಲ್ಲ ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಕೈಸನ್ನೆಯಲ್ಲಿ ತಿಳಿಸುತ್ತ ಹೋದ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಇಬ್ಬರೂ ಗೆದ್ದರು. ಆ ಕಾರಿನ ನಂಬರು 722, ಏಕೆಂದರೆ ಅದು ಬೆಳಗ್ಗೆ 7.22ಕ್ಕೆ ಹೊರಟಿತ್ತು. ಈ ಪದ್ಧತಿಯನ್ನು ಉಮರ್ಗಾ ಸ್ಟ್ಯಾಂಡಿಗೆ ತಂದರೆ ದಿನವೂ ಪೇಂಟರನನ್ನು ಕರೆಸಬೇಕಾದೀತು. ಅದಿರಲಿ, ಸುರುಳಿ ಕಾಗದದಲ್ಲಿ ಜೆಂಕಿನ್ಸನ್ ಮಾಡಿದ್ದನ್ನು ನಮ್ಮ ಕಂಡಕ್ಟರ್ ಹಗ್ಗ ಕಟ್ಟಿದ ಒಂದು ಗಂಟೆಯಿಂದ ಮಾಡುತ್ತಾನೆ. ಒಂದು ಸಲ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ನಡೆ. ನಡುವೆ ಟಿಕೆಟ್ ಕೊಡುತ್ತಾನೆ, ಚಿಲ್ಲರೆ ಇಲ್ಲವೆಂದು ಬೈಯುತ್ತಾನೆ. ಜೆಂಕಿನ್ಸನ್ ಯಾರಿಗೂ ಚಿಲ್ಲರೆ ಕೊಡಬೇಕಾಗಿರಲಿಲ್ಲ.

ಇನ್ನು ಡಾಂಬರು. ಉಮರ್ಗಾದ ಹತ್ತಿರ ಪುಣೆ–ಹೈದರಾಬಾದಿನ 65ನೇ ರಾಷ್ಟ್ರೀಯ ಹೆದ್ದಾರಿ ಇದೆ. ಅದು ನಮ್ಮ ಶಾಸ್ತ್ರಕ್ಕೆ ಹೊರಗು, ಅಲ್ಲಿ ರಸ್ತೆ ಎಲ್ಲಿದೆ ಎಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಹೆದ್ದಾರಿ ಬಿಟ್ಟು ಕಾಸಾರ ಸಿರಸಿಯ ಕಡೆ ತಿರುಗಿದಾಗ ಶಾಸ್ತ್ರ ಶುರುವಾಗುತ್ತದೆ. ಕೆಳಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರು ಪತಿವ್ರತೆಯಂತೆ ಅದನ್ನೇ ಅನುಸರಿಸುತ್ತದೆ. ಗುತ್ತಿಗೆದಾರರನ್ನು ಸುಮ್ಮನೆ ದೂರುತ್ತೇವೆ. ಅರ್ಧ ಪಾಪ ಭೂಗರ್ಭದ್ದು. ಉಳಿದರ್ಧದ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಇದೇ ರಸ್ತೆಯ ಸ್ವರೂಪ ಬದಲಾಗುತ್ತದೆ. ತೊಗರಿ ಕಿತ್ತ ರೈತರು ಕಟ್ಟಿಗೆ ಸಮೇತ ಬೆಳೆಯನ್ನು ರಸ್ತೆಯ ಮೇಲೆ ಹಾಸುತ್ತಾರೆ. ಗಾಡಿಗಳು ಹಾಯುತ್ತವೆ, ರಾಶಿಯಾಗುತ್ತದೆ, ಮಷಿನ್ ಬಾಡಿಗೆ ಉಳಿಯುತ್ತದೆ. ಗಾಲಿ ಜಾರುವುದೂ ಉಂಟು, ಕಟ್ಟಿಗೆ ಗಾಡಿಯ ಅಡಿಗೆ ಸಿಕ್ಕಿ ಹೊಗೆ ಏಳುವುದೂ ಉಂಟು. ರ‍್ಯಾಲಿ ಶಾಸ್ತ್ರ ಮೂರು ಬಗೆಯ ನೆಲವನ್ನು ಮಾತ್ರ ಬಲ್ಲದು: ಡಾಂಬರು, ಜಲ್ಲಿ, ಹಿಮ. ತೊಗರಿ ಯಾವ ವರ್ಗಕ್ಕೆ ಸೇರಬೇಕು, ಅದಕ್ಕೆ ಯಾವ ಟಯರು ಎಂಬ ಬಗ್ಗೆ ಶಾಸ್ತ್ರಕಾರರು ಮೌನ. ಪಕ್ಕದಲ್ಲಿ ಮೊರ, ಪೊರಕೆ ಹಿಡಿದು ನಿಂತ ಅಜ್ಜಿ ಮಾತ್ರ ಮೌನವಾಗಿರುವುದಿಲ್ಲ. 'ಯಪ್ಪಾ, ಇಷ್ಟ್ ಜೋರ್ ಯಾಕ್ ಹೊಂಟೀದಿ? ತಿರುಗಿ ಇನ್ನೊಮ್ಮಿ ಬಾ, ಕಾಳು ಪೂರಾ ಬಿದ್ದಿಲ್ಲ.' ಸ್ಪರ್ಧಿಯನ್ನು ಹಿಂದಕ್ಕೆ ಕರೆದು ಅದೇ ಘಟ್ಟವನ್ನು ಮತ್ತೆ ಓಡಿಸುವ ಅಧಿಕಾರ ಮೊಂಟೆ ಕಾರ್ಲೊದಲ್ಲಿ ಯಾವ ಸ್ಟುವರ್ಡ್‌ಗೂ ಇಷ್ಟು ಸಲೀಸಾಗಿ ಇಲ್ಲ.

ಈಗ ನಿಯಮಗಳ ಜಗಳ. ಇದರ ಮೂಲ ಗಾಡಿಗಳಲ್ಲಿಲ್ಲ, ನಕ್ಷೆಯಲ್ಲಿದೆ. 1956ರ ನವೆಂಬರ್ 1ರವರೆಗೆ ಈ ರಸ್ತೆಯೆಲ್ಲ ಹೈದರಾಬಾದ್ ರಾಜ್ಯದೊಳಗೆ ಇತ್ತು. ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯವು, ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು. ಆ ದಿನ ಮೂರೂ ಮುಂಬಯಿ ರಾಜ್ಯಕ್ಕೆ ಹೋದವು, ಭಾಲ್ಕಿ ಮತ್ತು ಔರಾದ ಮೈಸೂರಿಗೆ ಬಂದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಿಲಂಗಾ, ಉದಗೀರ ಅಲ್ಲಿಗೆ ಸರಿದವು. ಉಮರ್ಗಾ ಇದ್ದಲ್ಲೇ ಇದ್ದರೂ ಅದರ ಜಿಲ್ಲೆಯ ಹೆಸರು ಈಗ ಧಾರಾಶಿವ. ಇಷ್ಟು ಸಾಲದೆಂದು ಔರಾದ ಎರಡಿವೆ: ನಿಲಂಗಾ ತಾಲೂಕಿನ ಔರಾದ ಶಹಾಜನಿ ಒಂದು, ಬೀದರ ಜಿಲ್ಲೆಯ ಔರಾದ ಇನ್ನೊಂದು. ತಪ್ಪು ಔರಾದಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿದವನಿಗೆ ದಂಡ ಹಾಕಬೇಕೋ ಬಹುಮಾನ ಕೊಡಬೇಕೋ ಎಂಬುದು ಜಟಿಲ ಪ್ರಶ್ನೆ.

ರ‍್ಯಾಲಿಯ ತಾತ್ಕಾಲಿಕ ಫಲಿತಾಂಶ ಪ್ರಕಟವಾದ ಮೇಲೆ ತಕರಾರು ಹಾಕಲು 30 ನಿಮಿಷ ಅವಕಾಶ. ಕರ್ನಾಟಕ–ಮಹಾರಾಷ್ಟ್ರ ಗಡಿ ತಕರಾರಿನ ಮಹಾಜನ ಆಯೋಗ ತನ್ನ ಫಲಿತಾಂಶ ಕೊಟ್ಟದ್ದು 1967ರಲ್ಲಿ. ಒಂದು ತಂಡ ಅದೇ ಅಂತಿಮ ಎಂದಿತು, ಇನ್ನೊಂದು ತಂಡ ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 30 ನಿಮಿಷಕ್ಕೂ 37 ವರ್ಷಕ್ಕೂ ವ್ಯತ್ಯಾಸವಿದೆಯಾದರೂ ಮನೋಧರ್ಮ ಒಂದೇ. 2022ರ ಡಿಸೆಂಬರಿನಲ್ಲಿ ಬಸ್ಸುಗಳಿಗೆ ಮಸಿ ಬಳಿದು, ಗಡಿ ದಾಟುವ ಎಸ್‌ಟಿ ಓಡಾಟ ನಿಂತಾಗ ಆದದ್ದನ್ನು ರ‍್ಯಾಲಿ ಪರಿಭಾಷೆಯಲ್ಲಿ 'ಸ್ಟೇಜ್ ರದ್ದು' ಎನ್ನುತ್ತಾರೆ. ಹಾಗಾದಾಗ ಸ್ಪರ್ಧಿಗಳಿಗೆ ಊಹೆಯ ಮೇಲೆ ಒಂದು ಸಮಯವನ್ನು ಕೊಟ್ಟುಬಿಡುವ ಪದ್ಧತಿ ಇದೆ. ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಕೂತವರೂ ಊಹೆಯ ಮೇಲೆ ಊರು ಮುಟ್ಟಿದರು.

ಹೊರಡುವ ಅನುಕ್ರಮದ ವ್ಯಾಜ್ಯವನ್ನು ದಸ್ತಿ ನ್ಯಾಯ ಎನ್ನಬಹುದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ ಒಗೆದವನಿಗೆ ಸೀಟು. ಒಂದು ದಸ್ತಿ ಎಷ್ಟು ಸೀಟು ಹಿಡಿಯಬಲ್ಲದು? ಟವೆಲ್ಲಾದರೆ ಮೂರು ಎಂದು ಒಂದು ಪಂಥ. ಒಗೆದವನು ಹತ್ತುವ ಮೊದಲೇ ದಸ್ತಿ ಕೆಳಗೆ ಬಿದ್ದರೆ ಹಕ್ಕು ಉಳಿಯುತ್ತದೆಯೇ? ಇದರ ಮೇಲೆ ಕೇಳಿಬರುವ ಮಾದರಿ ಸಂವಾದ ಹೀಗೆ:

'ಕಾಕಾ, ಅದು ನನ್ನ ದಸ್ತಿರೀ.'

'ದಸ್ತಿ ನಿಂದೇ ಇರ್ಲಿ ತಮ್ಮಾ. ಸೀಟು ಸರ್ಕಾರದ್ದು.'

'ಯಾ ಸರ್ಕಾರದ್ದು?'

ಇಲ್ಲಿಂದ ಮುಂದೆ ಕಾಕಾ ಮಾತಾಡುವುದಿಲ್ಲ. ಬಸ್ಸಿನಲ್ಲಿ ಎರಡೂ ಕಡೆಯ ಜನ ಇರುತ್ತಾರೆ.

ಇನ್ನು ಫಲಿತಾಂಶ. ಅಭ್ಯಾಸಕ್ಕಾಗಿ ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳೋಣ. ನಿಲಂಗಾದಿಂದ ಒಂದು ಸಂಜೆ ಎಸ್‌ಟಿ ಬಸ್ಸು, ಎಂಎಚ್-24ರ ಕ್ರೂಸರ್, ಕೆಎ-39ರ ಬೈಕು ಇದೇ ಅನುಕ್ರಮದಲ್ಲಿ ಹೊರಟವು. ಮಾಂಜರಾ ನದಿಯ ಸೇತುವೆ ದಾಟುವವರೆಗೆ ಬಸ್ಸು ಮುಂದೆ. ಅದು ಉದಗೀರ ಮುಟ್ಟಿದಾಗ ಕ್ರೂಸರ್‌ನ ಡ್ರೈವರ್ ಎರಡನೆಯ ಚಹಾ ಕುಡಿಯುತ್ತಿದ್ದ.

ಗೆದ್ದವರು ಯಾರು? ಪ್ರತ್ಯಕ್ಷ ಪ್ರಮಾಣ ಇಲ್ಲಿ ನಡೆಯದು. ಎಲ್ಲರೂ ಕಂಡದ್ದು ಧೂಳನ್ನು. ಅನುಮಾನ ಪ್ರಮಾಣದ ಶಕ್ತಿಯನ್ನು ಕರಾವಳಿಯವರು 2020ರಲ್ಲಿ ತೋರಿಸಿಕೊಟ್ಟಿದ್ದಾರೆ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿ 100 ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟ್‌ನ 9.58 ದಾಖಲೆ ಕೆಸರಿನಲ್ಲಿ ಬಿತ್ತು, ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಅದೇ ತ್ರೈರಾಶಿಯನ್ನು ನಮ್ಮ ಕ್ರೂಸರ್‌ಗೆ ಹಾಕಿದರೆ ಅದು ಹಿಂದಿನ ದಿನವೇ ಉದಗೀರ ಮುಟ್ಟಿರಬೇಕು.

ಹಾಗಾಗಿ ಅರ್ಥಾಪತ್ತಿಯೇ ಗತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಮೀಮಾಂಸಕರು ಹೇಳುತ್ತಾರಲ್ಲ, ಹಾಗೆ: ಕ್ರೂಸರ್ ಹಿಂದಿಕ್ಕಿದ್ದನ್ನು ಯಾರೂ ಕಂಡಿಲ್ಲ, ಆದರೂ ಅದು ಮುಂದಿದೆ, ಆದ್ದರಿಂದ ಅದು ರಸ್ತೆಯಲ್ಲಿ ಬಂದಿಲ್ಲ. ದೇವಣಿ ಊರೊಳಗಿನ ಕಂಟ್ರೋಲನ್ನು ತಪ್ಪಿಸಿ ಹೊಲದ ದಾರಿಯಲ್ಲಿ ಬಂದಿದೆ. ಡ್ರೈವರ್ ಇದನ್ನು ಅಲ್ಲಗಳೆಯಲಿಲ್ಲ. 'ದೇವಣ್ಯಾಗ ಇಳಿಯೋರು ಯಾರೂ ಇರ್ಲಿಲ್ರೀ' ಎಂದ. ಕಂಟ್ರೋಲ್ ತಪ್ಪಿಸಿದವನು ಹೊರಗೆ. ಮಾರ್ಕು ಅಲೆನ್ 1986ರಲ್ಲಿ ವಿಶ್ವ ಚಾಂಪಿಯನ್ ಆಗಿ 11 ದಿನ ಇದ್ದ. ಸ್ಯಾನ್ ರೆಮೊದ ಫಲಿತಾಂಶ ರದ್ದಾಗಿ ಪಟ್ಟ ಯುಹಾ ಕಾಂಕುನೆನ್‌ಗೆ ಹೋಯಿತು. ನಮ್ಮ ಕ್ರೂಸರ್‌ನವನ ಆಳ್ವಿಕೆ ಎರಡು ಚಹಾ ಕಾಲ.

ಹಾಗಾದರೆ ಬಸ್ಸೇ? ತಪಾಸಣೆಯಲ್ಲಿ ಅದರ ಎಡಗಣ್ಣು ಉರಿಯುತ್ತಿರಲಿಲ್ಲ. ದೀಪದ ವಿಷಯದಲ್ಲಿ ಶಾಸ್ತ್ರ ಕಠೋರ. 1966ರ ಮೊಂಟೆ ಕಾರ್ಲೊದಲ್ಲಿ ಮೊದಲ ಮೂರು ಸ್ಥಾನ ಮಿನಿ ಕೂಪರ್‌ಗಳಿಗೆ, ನಾಲ್ಕನೆಯದು ಫೋರ್ಡ್ ಕಾರ್ಟಿನಾಗೆ ಬಂದಿತ್ತು. ಹೆಡ್‌ಲೈಟ್ ತಗ್ಗಿಸುವ ರೀತಿ ನಿಯಮಕ್ಕೆ ಒಪ್ಪಲಿಲ್ಲವೆಂದು ನಾಲ್ಕನ್ನೂ ಹೊರಹಾಕಿ, ಐದನೆಯವನಾಗಿದ್ದ ಪೌಲಿ ತೊಯ್ವೊನೆನ್‌ನ ಸಿತ್ರೊಯೆನ್‌ಗೆ ಬಹುಮಾನ ಕೊಟ್ಟರು. ಆ ನಿಯಮವನ್ನು ಸಂಜೆ ಏಳರ ನಂತರ ಉದಗೀರ ರಸ್ತೆಗೆ ಅನ್ವಯಿಸಿದರೆ ರಸ್ತೆಯೇ ಖಾಲಿಯಾಗುತ್ತದೆ. ಬಸ್ಸು ಹೊರಗೆ. ಬೈಕಿನ ಮೇಲೆ ಮೂವರು, ಜೊತೆಗೆ ಹಾಲಿನ ಕ್ಯಾನು. ರ‍್ಯಾಲಿಯಲ್ಲಿ ಗಾಡಿಗೆ ಇಬ್ಬರೇ. ಅದೂ ಹೊರಗೆ.

ಉಳಿದದ್ದು ಒಂದು ಎತ್ತಿನ ಗಾಡಿ. ಅದು ಹಿಂದಿನ ರಾತ್ರಿಯೇ ಹೊರಟಿತ್ತು. ದೀಪವಿಲ್ಲ, ಆದ್ದರಿಂದ ದೀಪದ ದೋಷವೂ ಇಲ್ಲ. ದೇವಣಿಯಲ್ಲಿ ನಿಂತು ನೀರು ಕುಡಿಸಿದ್ದರಿಂದ ಕಂಟ್ರೋಲೂ ಆಗಿದೆ. ಗಾಡಿ ನಿಯಮಕ್ಕೆ ಒಪ್ಪುತ್ತದೆಯೇ ಎಂದು ನೋಡುವ ಹೋಮೊಲೊಗೇಶನ್ ಪರೀಕ್ಷೆಯಲ್ಲಿ ಎತ್ತುಗಳು ಅಪ್ಪಟ ದೇವಣಿ ತಳಿ ಎಂದು ಸಿದ್ಧವಾಯಿತು. ಈ ತಳಿಯಲ್ಲಿ ಮೂರು ಗ್ರೂಪುಗಳಿವೆ: ಮೈ ಬಿಳಿ, ಮುಖ ಕರಿ ಇದ್ದರೆ ವಾನ್ನೇರ; ಹೊಟ್ಟೆಯ ಕೆಳಗೆ ಮಾತ್ರ ಚುಕ್ಕಿ ಇದ್ದರೆ ಬಾಳಂಕ್ಯಾ; ಮೈತುಂಬ ಅಡ್ಡಾದಿಡ್ಡಿ ಕರಿ ಮಚ್ಚೆಯಾದರೆ ಶೇವೆರಾ. ಎಡದ್ದು ವಾನ್ನೇರ, ಬಲದ್ದು ಶೇವೆರಾ ಎಂಬ ತಾಂತ್ರಿಕ ಆಕ್ಷೇಪ ಬಂದರೂ ತೀರ್ಪುಗಾರರು ಎತ್ತಿ ಹಿಡಿಯಲಿಲ್ಲ. ತೊಯ್ವೊನೆನ್ ನಿದರ್ಶನವನ್ನು ಅನುಸರಿಸಿ ಗಾಡಿಯವನೇ ವಿಜೇತನೆಂದು ಘೋಷಣೆಯಾಯಿತು.

ವಿಜೇತ ಎದ್ದು ನಿಂತು ಕೈ ಮುಗಿದ. ಅವನಿಗೆ ಕಾನೂನು ಗೊತ್ತಿತ್ತು. ಎತ್ತಿನ ಗಾಡಿ ಓಟವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಓಟಕ್ಕೆ ಕಲೆಕ್ಟರರ ಪರವಾನಗಿ ಬೇಕು, ನಿಯಮ ಮೀರಿ ಎತ್ತಿಗೆ ಹಿಂಸೆಯಾದರೆ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ 3 ವರ್ಷದವರೆಗೆ ಸೆರೆ.

'ನಾ ರೇಸಿಗಿ ಬಂದಾಂವ ಅಲ್ರೀ ಸಾಹೇಬ್ರ. ಮೋಂಢಾಕ್ಕ ಸೋಯಾಬೀನ್ ತಂದೀನಿ, ತಿರುಗಿ ಹೋಗುವಾಗ ಹಿಂಡಿ ಒಯ್ಬೇಕು. ನನ್ನ ಹೆಸರು ತೆಗೀರಿ.'

ಗೆದ್ದವನೇ ತನ್ನ ಗೆಲುವಿನ ಮೇಲೆ ತಕರಾರು ಹಾಕಿದ ಪ್ರಕರಣ ರ‍್ಯಾಲಿ ಗ್ರಂಥಗಳಲ್ಲಿ ಇಲ್ಲ. 30 ನಿಮಿಷದೊಳಗೆ ಬಂದದ್ದರಿಂದ ಅರ್ಜಿಯನ್ನು ಸ್ವೀಕರಿಸಲೇಬೇಕಾಯಿತು. ತಕರಾರಿನ ಜೊತೆ ಠೇವಣಿ ಕಟ್ಟಬೇಕೆಂಬ ನಿಯಮವಿದೆ ಎಂದು ತೀರ್ಪುಗಾರರು ತಿಳಿಸಿದರು.

'ಎಷ್ಟು?'

'ಎಂಟು ಚಹಾ.'

'ಆರು ಮಾಡ್ರಿ' ಎಂದ. ಈ ಅಂಶವೊಂದು ಇನ್ನೂ ವಿಚಾರಣೆಯಲ್ಲಿದೆ.