ಹನ್ನೊಂದು ಪರ್ಸೆಂಟಿನ ಸಂಭಾವಿತ

ಬೆಲ್ಜಿಯಂನಲ್ಲಿ ಬಿಯರ್ ಕುಡಿಯುವುದು ಕಷ್ಟದ ಕೆಲಸವೇನಲ್ಲ. ಕುಡಿದ ಮೇಲೆ ಅಭಿಪ್ರಾಯ ಹೇಳಬೇಕಲ್ಲ, ಅದು ಕಷ್ಟ. ನಮ್ಮ ಕಡೆ ಬಿಯರಿನ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: ‘ಚಿಲ್ಡ್ ಇದೆಯಾ?’ ಇದ್ದರೆ ಒಳ್ಳೆಯ ಬಿಯರು, ಇಲ್ಲದಿದ್ದರೆ ಕೆಟ್ಟ ಬಿಯರು. ವಿಮರ್ಶೆ ಅಲ್ಲಿಗೆ ಮುಗಿಯಿತು. ಬೆಲ್ಜಿಯಂನವರ ಬಿಯರ್ ಸಂಸ್ಕೃತಿಯನ್ನಾದರೋ 2016ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೇ ಸೇರಿಸಿಬಿಟ್ಟಿದೆ. ಅಂಥ ದೇಶದಲ್ಲಿ ಕೂತು ಬರೀ ‘ಚೆನ್ನಾಗಿದೆ’ ಅಂದು ಲೋಟ ಕೆಳಗಿಟ್ಟರೆ ಅದು ಪರಂಪರೆಗೆ ಬಗೆದ ದ್ರೋಹ ಎಂಬುದು ನನ್ನ ಭಾವಮೈದುನನ ಅಭಿಮತ.

ಈತ ಗೆಂಟ್ ನಗರದಲ್ಲಿ ಸಾಫ್ಟ್‌ವೇರ್ ಎಂಜಿನಿಯರು. ಮೈಸೂರಿನಲ್ಲಿದ್ದಾಗ ಕಾಫಿಗೆ ಚಿಕೋರಿ ಜಾಸ್ತಿ ಬಿದ್ದರೂ ಗೊತ್ತಾಗದ ನಾಲಗೆ ಅವನದು. ಈಗ ಬಿಯರಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಅದರಲ್ಲಿ ಬಣ್ಣ, ನೊರೆ, ಮೂಗು, ನಾಲಗೆ, ಗಂಟಲು ಎಂದು ಐದು ಕಾಲಂ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಯಾವ ಕಾಲಮ್ಮೂ ಇಷ್ಟು ತುಂಬಿದ್ದನ್ನು ನಮ್ಮ ಮಾವನವರು ಕಂಡವರಲ್ಲ.

ಅವನು ನನ್ನನ್ನು ಕರೆದೊಯ್ದದ್ದು ಬ್ರೂಜ್ ನಗರದ ಡಿ ಹಾಲ್ವೆ ಮಾನ್ ಬ್ರೂವರಿಗೆ. ಒಂದೇ ಮನೆತನದವರು 1856ರಿಂದ ನಡೆಸಿಕೊಂಡು ಬಂದದ್ದು. ಬಿಯರ್ ತಯಾರಾಗುವುದು ಊರೊಳಗೆ, ಬಾಟಲಿ ಸೇರುವುದು ಊರಾಚೆ. ಕಲ್ಲುಹಾಸಿನ ಹಳೆಯ ಬೀದಿಗಳಲ್ಲಿ ಟ್ಯಾಂಕರುಗಳು ಗಡಗಡ ಓಡಾಡುವುದು ಬೇಡವೆಂದು 2016ರಲ್ಲಿ ನೆಲದಡಿಯಲ್ಲಿ ಸುಮಾರು 3 ಕಿಲೋಮೀಟರ್ ಉದ್ದದ ಬಿಯರ್ ಪೈಪನ್ನೇ ಹಾಕಿಸಿದರು. ಖರ್ಚಿನ ಒಂದು ಭಾಗವನ್ನು ಜನರಿಂದಲೇ ಎತ್ತಿದರು. ದೊಡ್ಡ ಮೊತ್ತ ಕೊಟ್ಟವರಿಗೆ ಬದುಕಿರುವಷ್ಟು ಕಾಲ ದಿನಕ್ಕೊಂದು ಬಿಯರು! ಇದನ್ನೆಲ್ಲ ಅವನು ಭಕ್ತಿಯಿಂದ ವರ್ಣಿಸುತ್ತಿದ್ದರೆ, ನಲ್ಲಿಯಲ್ಲಿ ನೀರು ಬಾರದಾಗ ಒಡೆದ ಪೈಪಿನ ಹತ್ತಿರ ಬಿಂದಿಗೆ ಇಟ್ಟು ಬೆಳೆದ ನಾನು ಕೇಳಿದ್ದು ಇಷ್ಟೇ: ‘ಅದು ಎಲ್ಲಾದರೂ ಸೋರುತ್ತೇನಪ್ಪ?’

ಉತ್ತರ ಬರುವಷ್ಟರಲ್ಲಿ ‘ಸ್ಟ್ರಾಫೆ ಹೆಂಡ್ರಿಕ್ ಹೆರಿಟೇಜ್’ ಬಂತು. ಇದೇ ಬ್ರೂವರಿಯ 11 ಪರ್ಸೆಂಟಿನ ಕ್ವಾಡ್ರುಪೆಲ್ ಬಿಯರನ್ನು ಸುಮಾರು ಒಂದು ವರ್ಷ ಓಕ್ ಪೀಪಾಯಿಯಲ್ಲಿ ಕೂಡಿಹಾಕಿ ಹೊರತೆಗೆದದ್ದು. ಹೊಟ್ಟೆ ಅಗಲದ ಗಾಜಿನ ಲೋಟ, ಕಾಫಿಗಪ್ಪು ಬಣ್ಣ, ಮೇಲೆ ತೆಳು ನೊರೆ. ಮುಟ್ಟಿ ನೋಡಿದೆ. ತಣ್ಣಗಿತ್ತು, ಆದರೆ ಚಿಲ್ಡ್ ಅಲ್ಲ. ಜೊತೆಗೆ ಚೌಕ ಚೌಕ ಚೀಸು, ಅದ್ದಿಕೊಳ್ಳಲು ಸಾಸಿವೆ ಗೊಜ್ಜು. ಕಾಂಗ್ರೆಸ್ ಕಡಲೆಬೀಜದ ನೆನಪನ್ನು ಬಲವಂತವಾಗಿ ಅದುಮಿಟ್ಟುಕೊಂಡು ಲೋಟ ಎತ್ತಿದೆ.

‘ಭಾವ, ಹಾಗೆ ಕುಡೀಬೇಡಿ. ಮೊದಲು ಮೂಸಿ.’

ಮೂಸಿದೆವು. ಅವನು ಕಣ್ಣುಮುಚ್ಚಿ ಹೇಳತೊಡಗಿದ: ‘ಅಂಜೂರ... ಒಣದ್ರಾಕ್ಷಿ... ಹಳೇ ಚರ್ಮ... ಪೈಪಿನ ತಂಬಾಕು... ಚರ್ಚಿನ ಮರದ ಬೆಂಚು.’

‘ಬೆಂಚನ್ನು ಯಾವಾಗ ನೆಕ್ಕಿದ್ದೆಯೋ?’

‘ನೆಕ್ಕೋದಲ್ಲ ಭಾವ, ಕಲ್ಪನೆ. ನಿಮಗೇನನ್ನಿಸುತ್ತೆ?’

ನನ್ನ ಮೂಗು ಸುಳ್ಳು ಹೇಳಲು ಒಪ್ಪಲಿಲ್ಲ. ಬಾಳೆಹಣ್ಣು, ಲವಂಗ, ತೆಂಗಿನಕಾಯಿ, ಬೆಲ್ಲ. ‘ರಾಮನವಮಿಯ ರಸಾಯನ ಕಣಯ್ಯ’ ಅಂದೆ.

ಅವನು ಸುತ್ತಮುತ್ತ ನೋಡಿದ. ‘ಅಕ್ಕನ ಮುಂದೆ ಹೀಗೆ ಹೇಳಿಬಿಟ್ಟೀರಿ ಮತ್ತೆ.’

ಆದರೆ ರಸಾಯನಶಾಸ್ತ್ರ ನನ್ನ ಪಕ್ಷದಲ್ಲಿದೆ. ಬಾಳೆಹಣ್ಣಿಗೆ ಪರಿಮಳ ಕೊಡುವ ಐಸೊಅಮೈಲ್ ಅಸಿಟೇಟನ್ನು ಬೆಲ್ಜಿಯಂನ ಯೀಸ್ಟ್ ತಾನೇ ತಯಾರಿಸುತ್ತದೆ. ಲವಂಗದಲ್ಲಿರುವ ಯೂಜಿನಾಲ್ ಓಕ್ ಮರದಲ್ಲೂ ಇದೆ. ಅದೇ ಮರದ ಲ್ಯಾಕ್ಟೋನ್‌ಗಳಿಗೆ ತೆಂಗಿನಕಾಯಿಯ ವಾಸನೆ. ಪೀಪಾಯಿ ಕಟ್ಟುವಾಗ ಒಳಮೈ ಸುಡುತ್ತಾರಲ್ಲ, ಆಗ ಮರದ ಲಿಗ್ನಿನ್ ಒಡೆದು ವೆನಿಲಾದ ಪರಿಮಳವೂ ಹುಟ್ಟುತ್ತದೆ. ಇನ್ನು ಬೆಲ್ಲ? ಇಂಥ ಬಿಯರಿಗೆ ಕಂದುಬಣ್ಣಕ್ಕೆ ಬರುವಂತೆ ಕಾಯಿಸಿದ ಸಕ್ಕರೆ ಪಾಕ ಸೇರಿಸುವುದು ಬೆಲ್ಜಿಯಂನಲ್ಲಿ ಹಳೆಯ ರೂಢಿ. ಚರ್ಚಿನ ಬೆಂಚಿನ ಪರವಾಗಿ ಮಾತ್ರ ಯಾವ ಅಣುವೂ ಸಾಕ್ಷಿ ಹೇಳಲು ಮುಂದೆ ಬರಲಿಲ್ಲ.

ಈ ಪಾಕದಲ್ಲೇ ಇರುವುದು ಕುತಂತ್ರ. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ತೇಗುತ್ತದೆ. ಹಿಂದೆ ಉಳಿಯುವುದು ಸಿಹಿಯಲ್ಲ, ಮದ್ಯಸಾರ. ಬರೀ ಮಾಲ್ಟಿನಿಂದ ಇಷ್ಟು ಬಲ ತರಲು ಹೋದರೆ ಬಿಯರ್ ಮಂದವಾಗಿ ನಾಲಗೆಗೆ ಅಂಟಿಕೊಂಡೀತು. ಇದಾದರೋ ಹಗುರವಾಗಿ ಇಳಿದುಹೋಗುತ್ತದೆ. ಉಳಿದ ಒರಟುತನವನ್ನು ಪೀಪಾಯಿ ತಿದ್ದುತ್ತದೆ. ಮರದ ಸಂದಿನಿಂದ ಉಸಿರಿನಷ್ಟು ಗಾಳಿ ಒಳಹೋಗಿ, ತಿಂಗಳುಗಟ್ಟಲೆ ಕೂತು ಮೂಲೆಗಳನ್ನೆಲ್ಲ ಉಜ್ಜಿ ನುಣುಪು ಮಾಡುತ್ತದೆ. ನಮ್ಮಲ್ಲಿ ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ ‘ಸ್ಟ್ರಾಂಗ್’ ಎಂದು ಬರೆದುಕೊಂಡ ಬಿಯರು 8 ಪರ್ಸೆಂಟಿನ ಗೆರೆ ದಾಟುವುದಿಲ್ಲ. ಆದರೂ ಮೊದಲ ಗುಟುಕಿನಲ್ಲೇ ಕಾಲರ್ ಹಿಡಿದು ಪರಿಚಯ ಹೇಳಿಕೊಳ್ಳುತ್ತದೆ. ಈ ಸಂಭಾವಿತ 11 ಇಟ್ಟುಕೊಂಡೂ ಚಕಾರವೆತ್ತುವುದಿಲ್ಲ. ಗಂಟಲಲ್ಲಿ ಇಷ್ಟೇ ಇಷ್ಟು ಬಿಸಿ, ಆಮೇಲೆ ಎದೆಯಲ್ಲಿ ವಿಶ್ವಬಂಧುತ್ವ.

ಬೆಲ್ಜಿಯಂನ ಅತ್ಯುತ್ತಮ ರುಚಿವಿಮರ್ಶೆ ಮಾಡಿದವನು ನೋಟ್‌ಬುಕ್ ಇಟ್ಟವನಲ್ಲ. ಮೊದಲ ಮಹಾಯುದ್ಧ ಮುಗಿದ ಸಂತೋಷಕ್ಕೆ ಮೋರ್ಟ್‌ಗಾಟ್ ಬ್ರೂವರಿಯವರು ‘ವಿಕ್ಟರಿ ಏಲ್’ ಎಂಬ ಬಿಯರ್ ಮಾಡಿದ್ದರು. 1923ರ ಸುಮಾರಿಗೆ ಅದರ ರುಚಿ ನೋಡಿದ ಬೂಟು ಹೊಲಿಯುವಾತನೊಬ್ಬ ‘ಇದು ನಿಜವಾದ ದೆವ್ವ’ ಅಂದನಂತೆ. ಬಿಯರಿಗೆ ಅದೇ ಹೆಸರು ನಿಂತಿತು, ಡುವೆಲ್. ಅಂಜೂರ ಇಲ್ಲ, ಬೆಂಚಿಲ್ಲ, ಕಾಲಮ್ಮೂ ಇಲ್ಲ. ಅದಾದರೂ ಎಂಟೂವರೆ ಪರ್ಸೆಂಟಿನ ದೆವ್ವ. ನಮ್ಮ ಲೋಟದಲ್ಲಿದ್ದದ್ದು ಅದರ ಅಣ್ಣ.

ಅರ್ಧ ಲೋಟ ಮುಗಿಯುವಷ್ಟರಲ್ಲಿ ಭಾವಮೈದುನನ ವಿಶೇಷಣಗಳು ಕಾಲಂ ದಾಟಿ ಅಂಚಿಗೆ ಹರಿದವು. ನನ್ನ ಮೂಗಿಗೂ ಅಜ್ಜನ ನಶ್ಯದ ಡಬ್ಬಿ, ಸಾರ್ವಜನಿಕ ಗ್ರಂಥಾಲಯದ ಬೀರು ಸಿಗತೊಡಗಿದವು. ಲೋಟ ಖಾಲಿಯಾಗುವ ಹೊತ್ತಿಗೆ, ನಮ್ಮ ಮದುವೆಯಲ್ಲಿ ಗಂಡಿನ ಕಡೆಯವರಿಗೆ ಉಪಚಾರ ಸಾಲಲಿಲ್ಲವೆಂಬ ಹಳೆಯ ಆರೋಪವನ್ನು ಅವನು ತಾನಾಗಿ ಒಪ್ಪಿಕೊಂಡ. ನಾನು ವಂಶದ ಪರವಾಗಿ ಕ್ಷಮಿಸಿದೆ. ಇಂಥ ಐತಿಹಾಸಿಕ ಒಪ್ಪಂದದ ಸುದ್ದಿ ಮನೆಗೆ ತಿಳಿಯಬೇಡವೇ? ಹೆಂಡತಿಗೆ ಫೋನ್ ಮಾಡಿದೆ. ಇಲ್ಲಿ ಸಂಜೆ ಆರು, ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ.

ಒತ್ತಕ್ಷರ ಒಂದೂ ಜಾರದಂತೆ, ಮಹಾಪ್ರಾಣಗಳಿಗೆ ಸಲ್ಲಬೇಕಾದ ಉಸಿರು ಕೊಟ್ಟು ಹೇಳಿದೆ: ‘ನಾವಿಬ್ಬರೂ ಇಲ್ಲಿಯ ಪಾನೀಯ ಪರಂಪರೆಯನ್ನು ಅವಲೋಕಿಸುತ್ತಿದ್ದೇವೆ.’

ಆ ಕಡೆಯಿಂದ ಪ್ರಶ್ನೆ ಬಂತು: ‘ಎಷ್ಟು ಪರ್ಸೆಂಟು?’

ಓಕ್ ಪೀಪಾಯಿ ವರ್ಷವಿಡೀ ಕಷ್ಟಪಟ್ಟು ಮುಚ್ಚಿಟ್ಟದ್ದನ್ನು, ಐದು ಕಾಲಮ್ಮಿನ ತಜ್ಞನ ನಾಲಗೆಗೂ ಸಿಗದ್ದನ್ನು, ಅವಳು ಏಳೆಂಟು ಸಾವಿರ ಕಿಲೋಮೀಟರ್ ದೂರದಿಂದ, ಮೂಸದೆ, ಒಂದು ಗುಟುಕೂ ಕುಡಿಯದೆ ಹಿಡಿದುಹಾಕಿದ್ದಳು. ‘ಹನ್ನೊಂದು’ ಅಂದೆ. ‘ಫೋನ್ ಅವನ ಕೈಗೆ ಕೊಡಿ’ ಅಂದಳು. ಕೊಟ್ಟೆ. ಅವನ ಮುಖಕ್ಕೆ ಆಗ ಬಂದ ಬಣ್ಣ ಮಾತ್ರ ನೋಟ್‌ಬುಕ್ಕಿನಲ್ಲಿ ದಾಖಲಾಗಲಿಲ್ಲ.